ದೋಸೆಯೊಳಗಿನ ಸೋರೆಕಾಯಿ

ಚನಿಯನಿಗೆ ತನ್ನ ಕೈಯಡುಗೆಯ ಮೇಲೆ ಇದ್ದಷ್ಟು ನಂಬಿಕೆ ದೇವರ ಮೇಲೂ ಇರಲಿಲ್ಲ. ಉಡುಪಿಯ ಕಡೆಯಿಂದ ದೆಹಲಿಗೆ ಬಂದು, ಕಂಡವರ ಹೋಟೆಲುಗಳಲ್ಲಿ ಹಿಟ್ಟು ರುಬ್ಬಿ, ಕೊನೆಗೆ ಮಯೂರ್ ವಿಹಾರದ ಮಾರ್ಕೆಟ್ಟಿನಲ್ಲಿ ಸ್ವಂತ ಕಾವಲಿ ಕಾಯಿಸಿದವನು ಅವನು. ಕೆಳಗೆ ಹೋಟೆಲು, ಮೇಲೆ ಮನೆ. ಎದುರಿನ ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ. ಧೂಳು ಬಾಗಿಲವರೆಗೆ ಬಂದರೂ ಗಿರಾಕಿಗಳು ಕಡಿಮೆಯಾಗಿರಲಿಲ್ಲ. ಪಂಜಾಬಿಗಳು, ಬಂಗಾಳಿಗಳು, ಆಫೀಸಿಗೆ ಹೊರಟ ನಮ್ಮ ಕಡೆಯ ಗುಮಾಸ್ತರು, ಎಲ್ಲರಿಗೂ ಅವನ ಮಸಾಲೆ ದೋಸೆ ಬೇಕು. "ಊಟ ಬಲ್ಲವನಿಗೆ ರೋಗವಿಲ್ಲ" ಎಂದು ದಿನಕ್ಕೊಮ್ಮೆಯಾದರೂ ಯಾರ ಮುಂದಾದರೂ ಹೇಳದಿದ್ದರೆ ಅವನಿಗೆ ತಿಂದದ್ದು ಅರಗುತ್ತಿರಲಿಲ್ಲ.

ಅಂಥವನ ಮಗಳಿಗೇ ಸಕ್ಕರೆ ಕಾಯಿಲೆ ಬಂತು. ಪ್ರಣೀತಾ ಆಗಿನ್ನೂ ಆರನೇ ಕ್ಲಾಸು. ಇದು ತಿಂದು ಬಂದ ಕಾಯಿಲೆಯಲ್ಲ, ಅವಳ ದೇಹ ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸಿಬಿಟ್ಟಿದೆ, ಇದರಲ್ಲಿ ಯಾರ ತಪ್ಪೂ ಇಲ್ಲ ಎಂದು ಡಾಕ್ಟರಮ್ಮ ಬಿಡಿಸಿ ಬಿಡಿಸಿ ಹೇಳಿದರು. ಚನಿಯ ತಲೆಯಾಡಿಸಿದ. ಆದರೆ ಮಗಳು ಅಂಬೆಗಾಲಿಡುತ್ತಿದ್ದಾಗಿನಿಂದ ತಾನು ತಿನ್ನಿಸಿದ ಅಕ್ಕಿಯೆಲ್ಲ ಅವನ ಕಣ್ಣ ಮುಂದೆ ಬಂತು. ಇದು ತನ್ನಿಂದಲೇ ಆಯಿತೇ ಎಂದು ಹೊಟ್ಟೆಯೊಳಗೆ ಕೂತ ಆ ಮಾತನ್ನು ಅವನು ಹೆಂಡತಿಗೂ ಹೇಳಲಿಲ್ಲ. ಅಡುಗೆಯವನ ಜಂಬ ಎಷ್ಟು ದೊಡ್ಡದೋ ಅವನ ತಪ್ಪಿನ ಭಯವೂ ಅಷ್ಟೇ ದೊಡ್ಡದು.

ಐದು ವರ್ಷ ಸೂಜಿಯಲ್ಲೇ ಕಳೆಯಿತು. ಗಡಿಯಾರ ನೋಡಿ ಚುಚ್ಚಿಕೊಳ್ಳಬೇಕು, ಚುಚ್ಚಿಕೊಂಡ ಮೇಲೆ ಹಸಿವಿರಲಿ ಬಿಡಲಿ ತಿನ್ನಬೇಕು, ಹಸಿವಾದಾಗ ಹೊತ್ತಲ್ಲ ಎಂದು ಬಾಯಿ ಕಟ್ಟಬೇಕು. ಹೋಟೆಲಿನ ಮೇಲೆ ಮನೆ ಇಟ್ಟುಕೊಂಡು, ದಿನವಿಡೀ ಕೆಳಗಿನಿಂದ ತುಪ್ಪದ ದೋಸೆಯ ಪರಿಮಳ ಕುಡಿಯುತ್ತ ಒಂದು ಮಗು ಹಾಗೆ ಬದುಕಬೇಕೆಂದರೆ! ಹನ್ನೊಂದನೇ ಕ್ಲಾಸಿಗೆ ಬಂದ ವರ್ಷ ಅವಳು ಹಟ ಹಿಡಿದು ಪಂಪ್ ಹಾಕಿಸಿಕೊಂಡಳು. ಹಿಂದೆ ಜನ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಪೇಜರಿನಷ್ಟು ದೊಡ್ಡ ಯಂತ್ರ. ಅದರಿಂದ ಹೊರಟ ತೆಳ್ಳಗಿನ ನಳಿಕೆ ಹೊಟ್ಟೆಯ ಚರ್ಮದೊಳಕ್ಕೆ. ಅದು ಹಗಲೂ ರಾತ್ರಿ ಹನಿಹನಿಯಾಗಿ ಇನ್ಸುಲಿನ್ ಬಿಡುತ್ತಲೇ ಇರುತ್ತದೆ. ಊಟದ ಹೊತ್ತಿಗೆ ಮಾತ್ರ ಬಟನ್ ಒತ್ತಿ ಹೆಚ್ಚಿನ ಡೋಸು ಕೊಡಬೇಕು.

"ತಿಂದದ್ದು ಎಷ್ಟು ಅಂತ ಅದಕ್ಕೇ ತಿಳಿಯುದಿಲ್ವಾ?" ಎಂದು ಚನಿಯ ಮೊದಲ ದಿನ ಕೇಳಿದ್ದ.

"ಇಲ್ಲ ಪಪ್ಪಾ. ಈ ಮಶೀನ್‌ಗೆ ದಿಮಾಗ್ ಇಲ್ಲ. ಪ್ಲೇಟ್‌ನಲ್ಲಿ ಎಷ್ಟು ಕಾರ್ಬ್ಸ್ ಇದೆ ಅಂತ ನಾನು ಹೇಳ್ಬೇಕು, ಅಂದ್ರೆ ಅಕ್ಕಿ, ಸಕ್ಕರೆ, ಹಿಟ್ಟು, ಅದೆಲ್ಲ. ಅದಕ್ಕೆ ತಕ್ಕ ಹಾಗೆ ಅದು ಡೋಸ್ ಕೊಡುತ್ತೆ. ನಾನು ಹೇಳಿದ್ದೇ ಅದಕ್ಕೆ ಸಚ್."

ಆಸ್ಪತ್ರೆಯಲ್ಲಿ ಕೊಟ್ಟ ಪಟ್ಟಿಯಲ್ಲಿ ರೋಟಿ ಇತ್ತು, ಆಲೂ ಪರಾಠಾ ಇತ್ತು, ರಾಜ್ಮಾ ಚಾವಲ್ ಇತ್ತು. ಪ್ರಣೀತಾಗೆ ಬೆಳಿಗ್ಗೆ ಬೇಕಾದದ್ದು ನೀರುದೋಸೆ. ಅದು ಹೋಟೆಲಿನ ಮೆನುವಿನಲ್ಲೂ ಇರದ, ಚನಿಯ ಮಗಳಿಗೆಂದೇ ಹುಯ್ಯುತ್ತಿದ್ದ ಮನೆಯ ದೋಸೆ. ಹಾಗಾಗಿ ಅಪ್ಪ ಮಗಳು ಕೂತು ಅಕ್ಕಿ ತೂಗಿ, ಕಾಯಿ ತೂಗಿ, ದೋಸೆ ಎಣಿಸಿ, ಒಂದಕ್ಕೆ ಹನ್ನೆರಡು ಗ್ರಾಂ ಎಂದು ತಾವೇ ಲೆಕ್ಕ ಕಟ್ಟಿದರು. ಮಗಳು ಬಟನ್ ಒತ್ತಿದಳು, ತಿಂದಳು, ಬೆರಳು ಚುಚ್ಚಿ ಮೀಟರಿನಲ್ಲಿ ನೋಡಿದಳು. ಸಕ್ಕರೆ ಎಲ್ಲಿರಬೇಕೋ ಅಲ್ಲೇ ಇತ್ತು. ಅವಳು ಕುಣಿದಾಡಿದ್ದು ನೋಡಿ ಚನಿಯನ ಹೆಂಡತಿ ಉಮಾವತಿಯ ಕಣ್ಣಲ್ಲೂ ನೀರು ಬಂತು. ಆದರೂ ಅವಳು ತಾಯಿ. ಒಂದು ಕರಾರು ಹಾಕದೆ ಬಿಡಲಿಲ್ಲ.

"ಲೆಕ್ಕ ತಪ್ಪಿ ಒಂದು ಸಲ ಬಿದ್ದಿ ಅಂದ್ರೆ, ಮತ್ತೆ ಸೂಜಿ. ಆಮೇಲೆ ಅಳ್ಬಾರ್ದು."

"ಬೀಳಲ್ಲ ಮಮ್ಮಿ. ನನ್ನ ಮ್ಯಾಥ್ಸ್ ಮೇಲೆ ಭರೋಸಾ ಇಡಿ."

ಎಲ್ಲ ಸರಿಯಾಗಿತ್ತು, ಚನಿಯನೊಬ್ಬನನ್ನು ಬಿಟ್ಟು. ಪಂಪ್ ಬಂದ ಮೇಲೆ ಮಗಳು ಹೊಟ್ಟೆ ತುಂಬ ತಿನ್ನತೊಡಗಿದ್ದಳು. ಎರಡು ದೋಸೆಗೆ ಏಳುತ್ತಿದ್ದವಳು ಈಗ ನಾಲ್ಕು, ಕೆಲವೊಮ್ಮೆ ಐದು. ಒಬ್ಬ ಅಡುಗೆಯವನಿಗೆ ಇದಕ್ಕಿಂತ ಸುಖ ಇನ್ನೇನು ಬೇಕು? ಆದರೆ ಒಂದೊಂದು ದೋಸೆಗೂ ಅವಳು ಬಟನ್ ಒತ್ತಿ ಔಷಧ ಏರಿಸಿಕೊಳ್ಳುವಾಗ ಅವನು ಮುಖ ಬೇರೆ ಕಡೆ ತಿರುಗಿಸುತ್ತಿದ್ದ. ತನ್ನ ಕೈಯ ತಿಂಡಿಗೆ ಮದ್ದು ಕುಡಿದು ಕೂರುವ ಹಾಗಾಯಿತಲ್ಲ ಮಗಳು, ಎಂದು. ಅವಳು ಕಡಿಮೆ ತಿನ್ನಲಿ ಎಂದು ಹೇಳುವ ಧೈರ್ಯ ಇರಲಿಲ್ಲ. ಅಕ್ಕಿ ಕಡಿಮೆ ಹೋಗಲಿ ಎಂಬ ಆಸೆ ಮಾತ್ರ ಇತ್ತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಉಪಾಯ ಅವನ ಅಮ್ಮನದೇ. ಊರಿನಲ್ಲಿ ಅಕ್ಕಿ ಸಾಲದ ದಿನಗಳಲ್ಲಿ ಆಕೆ ಸೋರೆಕಾಯನ್ನೋ ಸೌತೆಕಾಯನ್ನೋ ಅಕ್ಕಿಯ ಜೊತೆ ರುಬ್ಬಿ ದೋಸೆ ಹುಯ್ಯುತ್ತಿದ್ದಳು. ನುಣ್ಣಗೆ ರುಬ್ಬಿದರೆ ಬಣ್ಣ ಬದಲಾಗುವುದಿಲ್ಲ, ದೋಸೆ ಇನ್ನಷ್ಟು ಮೆತ್ತಗಾಗುತ್ತದೆ. ಒಂದು ಬೆಳಿಗ್ಗೆ ಚನಿಯ ಹೋಟೆಲಿನ ಹುಡುಗರು ಬರುವ ಮೊದಲೇ ಎದ್ದು, ತರಕಾರಿ ಮಂಡಿಯಿಂದ ತಂದ ಎಳೆಯ ಸೋರೆಕಾಯಿಯ ಸಿಪ್ಪೆ ತೆಗೆದು, ಮಗಳ ಪಾಲಿನ ಹಿಟ್ಟಿಗೆ ಬೆರೆಸಿ ರುಬ್ಬಿದ. ಸಿಪ್ಪೆಯನ್ನು ಕಾಗದದಲ್ಲಿ ಸುತ್ತಿ ಬೇರೆಯವರ ಕಸದ ಡಬ್ಬಿಗೆ ಹಾಕಿಬಂದ. ಹೆಂಡತಿಗೆ ತಿಳಿದರೆ ಬಾಯಿ ಬಿಡುತ್ತಾಳೆ, ಮಗಳಿಗೆ ತಿಳಿದರೆ ಮೂಗು ಮುರಿಯುತ್ತಾಳೆ. ಸೋರೆಕಾಯಿ, ಇಲ್ಲಿಯವರ ಲೌಕಿ, ಎಂದರೆ ದೆಹಲಿಯ ಮಕ್ಕಳಿಗೆಲ್ಲ ಹೇಗೋ ಅವಳಿಗೂ ಹಾಗೇ, ತಟ್ಟೆ ಮುಟ್ಟುವವಳಲ್ಲ.

"ಪಪ್ಪಾ, ಇವತ್ತು ದೋಸೆ ಕಿತ್ನಾ ಸಾಫ್ಟ್ ಇದೆ!" ಎಂದಳು ಪ್ರಣೀತಾ, ನಾಲ್ಕಕ್ಕೆ ಲೆಕ್ಕ ಹಾಕಿ ಬಟನ್ ಒತ್ತುತ್ತ.

ಚನಿಯ ಕಾವಲಿಯತ್ತ ಮುಖ ತಿರುಗಿಸಿ ನಕ್ಕ. ಹೊಟ್ಟೆಗೆ ಅಕ್ಕಿ ಕಡಿಮೆ, ಸಕ್ಕರೆ ಕಡಿಮೆ, ಮಗಳು ಖುಷಿ. ಡಾಕ್ಟರು ಮಾಡದ್ದನ್ನು ತಾನು ಮಾಡಿದೆ ಎಂದು ಅವನ ಎದೆ ಉಬ್ಬಿತು. ಅಕ್ಕಿ ಕಡಿಮೆಯಾದದ್ದು ಆ ಯಂತ್ರಕ್ಕೆ ಗೊತ್ತಿಲ್ಲ, ಅದು ಪೂರ್ತಿ ಅಕ್ಕಿಯ ದೋಸೆಗೆಂದೇ ಇನ್ಸುಲಿನ್ ಕೊಡುತ್ತದೆ ಎಂಬ ಸರಳವಾದ ಮಾತು ಆ ದೊಡ್ಡ ತಲೆಗೆ ಹೊಳೆಯಲಿಲ್ಲ. ಅವನ ಪಾಲಿಗೆ ಸಕ್ಕರೆ ಕಾಯಿಲೆ ಎಂದರೆ ಸಕ್ಕರೆ ಏರುವುದು, ಇಳಿದರೆ ಗುಣ. ಇಳಿಯುವುದರಲ್ಲೂ ಒಂದು ಪ್ರಪಾತವಿದೆ ಎಂದು ಎಷ್ಟು ಸಲ ಕೇಳಿದ್ದರೂ ಆ ಕಿವಿ ಅದನ್ನು ಒಳಗೆ ಬಿಟ್ಟುಕೊಂಡಿರಲಿಲ್ಲ.

ಶಾಲೆಯಲ್ಲಿ ಎರಡನೇ ಪೀರಿಯಡ್ಡಿಗೆ ಪ್ರಣೀತಾಳ ಕೈ ನಡುಗತೊಡಗಿತು. ಬ್ಯಾಗಿನಲ್ಲಿದ್ದ ಗ್ಲೂಕೋಸ್ ತಿಂದು ಸುಧಾರಿಸಿಕೊಂಡಳು. ಮರುದಿನವೂ ಹಾಗೇ. ಅದರ ಮರುದಿನವೂ. ಫೋನಿನಲ್ಲಿ ವಿಚಾರಿಸಿದಾಗ ಡಾಕ್ಟರಮ್ಮ ಬೆಳಗಿನ ತಿಂಡಿಗೆ ಮಾತ್ರ ಇನ್ಸುಲಿನ್ ಸ್ವಲ್ಪ ಕಡಿಮೆ ಬೀಳುವ ಹಾಗೆ ಪಂಪಿನ ಸೆಟ್ಟಿಂಗ್ ಬದಲಿಸಲು ಹೇಳಿದರು. ಬದಲಿಸಿದ ಸುದ್ದಿ ಕೇಳಿ ಚನಿಯನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ನೋಡಿ, ಇನ್ಸುಲಿನ್ನೇ ಕಡಿಮೆ ಸಾಕಂತೆ! ಹೀಗೇ ಹೋದರೆ ಆ ಯಂತ್ರವೇ ಬೇಡವಾಗುವ ದಿನವೂ ಬಂದೀತು. ಅವನು ಮರುದಿನ ಸೋರೆಕಾಯಿಯ ಪ್ರಮಾಣ ಇನ್ನೂ ಏರಿಸಿದ. ಅಷ್ಟು ಸೋರೆಕಾಯಿ ಸೇರಿದ ಹಿಟ್ಟು ಯಾರ ಕೈಯಲ್ಲಾದರೂ ಕಾವಲಿಗೆ ಅಂಟಿ ಹರಿದುಹೋಗುತ್ತಿತ್ತು. ಅವನ ಕೈಯಲ್ಲಿ ಮಾತ್ರ ಹಾಳೆಯ ಹಾಗೆ ಎದ್ದುಬರುತ್ತಿತ್ತು. ವಿದ್ಯೆ ಇದ್ದವನ ತಪ್ಪು ಬೇಗ ಬಯಲಾಗುವುದಿಲ್ಲ.

ಬಯಲಾದದ್ದು ಒಂದು ಭಾನುವಾರ. ಹೋಟೆಲಿನಲ್ಲಿ ಕಾಲಿಡಲು ಜಾಗವಿಲ್ಲ. ಪ್ರಣೀತಾ ಐದು ದೋಸೆ ತಿಂದು, ಅಪ್ಪನಿಗೆ ನೆರವಾಗಲೆಂದು ಗಲ್ಲಾದಲ್ಲಿ ಕೂತಿದ್ದಳು. ಇದ್ದಕ್ಕಿದ್ದಂತೆ ಒಬ್ಬ ಗಿರಾಕಿಯ ಮೇಲೆ ರೇಗಿದ್ದು ಕೇಳಿಸಿತು. ಜಗಳವಾಡುವ ಹುಡುಗಿಯಲ್ಲ ಅವಳು. ಚನಿಯ ಸೌಟು ಹಿಡಿದೇ ಹೊರಗೆ ಬಂದ. ಮಗಳ ಕುರ್ತಾ ಬೆವರಿನಲ್ಲಿ ತೊಯ್ದಿತ್ತು. "ಪ್ರಣೀ" ಎಂದರೆ ಅವನತ್ತ ನೋಡಿದಳು; ಆದರೆ ಗುರುತು ಹಿಡಿದು ನೋಡಿದ ಹಾಗಿರಲಿಲ್ಲ. ಏಳಲು ಹೋಗಿ ಕುರ್ಚಿಯ ಸಮೇತ ಉರುಳಿದಳು.

ಮೇಲಿನಿಂದ ಓಡಿಬಂದ ಉಮಾವತಿ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಕಣ್ಣು ಬಿಟ್ಟಿದ್ದಾಳೆ, ನುಂಗುತ್ತಾಳೆ ಎಂದು ಖಾತ್ರಿಯಾದ ಮೇಲೆ ಸಕ್ಕರೆ ನೀರನ್ನು ಗುಟುಕು ಗುಟುಕಾಗಿ ಕುಡಿಸಿದಳು. ಗಿರಾಕಿಗಳು ದೋಸೆ ಬಿಟ್ಟು ಸುತ್ತ ನಿಂತರು. ಬೆರಳು ಚುಚ್ಚಿ ನೋಡಿದರೆ, ಎಪ್ಪತ್ತಕ್ಕಿಂತ ಕೆಳಗಿಳಿಯಬಾರದ ಸಕ್ಕರೆಗೆ ಮೀಟರು ತೋರಿಸಿದ್ದು ಮೂವತ್ತೆಂಟು. ಒಂದಿಷ್ಟು ಹೊತ್ತಾದ ಮೇಲೆ ಮಗಳಿಗೆ ಪೂರ್ತಿ ಎಚ್ಚರ ಬಂತು. ಅವಳು ಮೊದಲು ಹೇಳಿದ್ದು, "ಮಮ್ಮಿ, ಸಾರಿ."

"ಸಾರಿ ಅಂತೆ! ನಾನು ಆಗ್ಲೇ ಹೇಳಿರ್ಲಿಲ್ವಾ? ಲೆಕ್ಕ ಬರುದಿಲ್ಲ ಅಂದ್ಮೇಲೆ ಈ ಆಟ ಯಾಕೆ ಬೇಕಿತ್ತು?" ಉಮಾವತಿ ಬೈಯುತ್ತಿದ್ದಳು, ಅಳುತ್ತಿದ್ದಳು, ಮಗಳ ಹಣೆ ಒರೆಸುತ್ತಿದ್ದಳು.

"ನಾನು ಸರಿಯಾಗೇ ಹಾಕಿದ್ದೆ. ಐದು ಇಂಟು ಹನ್ನೆರಡು, ಅರವತ್ತು. ಪತಾ ನಹೀ, ಏನಾಗ್ತಾ ಇದೆ ಅಂತ..."

ಐದು ಹನ್ನೆರಡಲಿ ಅರವತ್ತು. ಆಗ, ಸೌಟಿನಿಂದ ಹಿಟ್ಟು ನೆಲಕ್ಕೆ ತೊಟ್ಟಿಕ್ಕುತ್ತಿದ್ದಾಗ, ಚನಿಯನ ತಲೆಯೊಳಗೆ ದೀಪ ಹತ್ತಿತು. ಅರವತ್ತು ಅವಳು ಹೇಳಿದ್ದು. ತಟ್ಟೆಯಲ್ಲಿ ಇದ್ದದ್ದು ಅದರ ಅರ್ಧವೂ ಅಲ್ಲ. ಮಿಕ್ಕ ಇನ್ಸುಲಿನ್ ಹಿಡಿಯಲು ಏನೂ ಸಿಗದೆ ಮಗಳ ರಕ್ತದೊಳಗಿದ್ದ ಸಕ್ಕರೆಯನ್ನೇ ತಿಂದುಹಾಕಿತ್ತು. 

ಆಗಲೇ ಹೇಳಿಬಿಟ್ಟಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಹೇಳಬೇಕೆಂದು ಬಾಯಿಯನ್ನೂ ತೆರೆದ. ಆದರೆ ಹೇಳಿದರೆ ಈ ಹುಡುಗಿ ಇನ್ನೆಂದಾದರೂ ತನ್ನ ಕೈಯ ತುತ್ತು ಮುಟ್ಟಿಯಾಳೇ? ಸಾಲು ನಿಂತು ತಿನ್ನುವ ಇಡೀ ಮಯೂರ್ ವಿಹಾರ ಒಂದು ಕಡೆ. ಬೆಳಿಗ್ಗೆ ಎದುರು ಕೂತು ದೋಸೆ ಹರಿಯುವ ಇವಳೊಬ್ಬಳು ಒಂದು ಕಡೆ. ಬಾಯಿ ಮುಚ್ಚಿಕೊಂಡ. ತಪ್ಪನ್ನು ಸದ್ದಿಲ್ಲದೆ ಮಾಡಿದವನು ಅದನ್ನು ಸದ್ದಿಲ್ಲದೆಯೇ ತಿದ್ದಬಹುದು ಎಂದುಕೊಂಡ. ಮರುದಿನದಿಂದ ಸೋರೆಕಾಯಿ ಬಿಟ್ಟು, ಶುದ್ಧ ಅಕ್ಕಿಯ ಹಿಟ್ಟು ರುಬ್ಬಿದ.

ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಪಂಪು ಈಗ ಬೆಳಿಗ್ಗೆ ಕಡಿಮೆ ಇನ್ಸುಲಿನ್ ಕೊಡುವಂತೆ ಬದಲಾಗಿತ್ತಲ್ಲ. ಪೂರ್ತಿ ಅಕ್ಕಿಯ ದೋಸೆಗೆ ಅದು ಎಲ್ಲಿ ಸಾಲಬೇಕು? ಸಕ್ಕರೆ ಮುನ್ನೂರು ದಾಟಿತು. ಪ್ರಣೀತಾ ಬಾಟಲಿಗಟ್ಟಲೆ ನೀರು ಕುಡಿದಳು, ತಲೆನೋವೆಂದು ಶಾಲೆಯಿಂದ ವಾಪಸು ಬಂದಳು. ನಿನ್ನೆ ಪಾತಾಳ, ಇವತ್ತು ಆಕಾಶ, ತಿಂದದ್ದು ಮಾತ್ರ ಅದೇ ದೋಸೆ. ಅವಳು ಮಂಚದ ಮೇಲೆ ಗೋಡೆಯತ್ತ ತಿರುಗಿ ಮಲಗಿದಳು. ಚನಿಯ ಬಾಗಿಲವರೆಗೆ ಬಂದು, ನಿಂತು, ಕೆಳಗಿಳಿದು ಹೋದ.

ಡಾಕ್ಟರಮ್ಮನ ಕೋಣೆಯಲ್ಲಿ ಮೂವರೂ ಸಾಲಾಗಿ ಕೂತರು. ಆಕೆ ಕಂಪ್ಯೂಟರಿನಲ್ಲಿ ಪಂಪಿನ ಅಂಕಿಗಳನ್ನೆಲ್ಲ ನೋಡಿ ಕನ್ನಡಕ ತೆಗೆದಿಟ್ಟರು. ಒಳ್ಳೆಯ ಹೆಂಗಸು, ದನಿ ಏರಿಸಿದವರಲ್ಲ. ಲೆಕ್ಕ ಎಲ್ಲರಿಗೂ ಕೂಡಿಬರುವುದಿಲ್ಲ ಬೇಟಾ, ಅದರಲ್ಲಿ ನಾಚಿಕೆಪಡುವಂಥದ್ದು ಏನಿಲ್ಲ, ಸದ್ಯಕ್ಕೆ ಮತ್ತೆ ಇಂಜೆಕ್ಷನ್ನಿಗೆ ಹೋಗೋಣ, ಕಾಲೇಜು ಸೇರಿದ ಮೇಲೆ ನೋಡೋಣ ಎಂದು ಹಿಂದಿಯಲ್ಲಿ ಮೆಲ್ಲಗೆ ಹೇಳಿದರು.

ಪ್ರಣೀತಾ ಎದುರಾಡುತ್ತಾಳೆ ಎಂದು ಚನಿಯ ಕಾದ. ಹಟಮಾರಿ ಹುಡುಗಿ, ಈ ಯಂತ್ರಕ್ಕಾಗಿ ಊಟ ಬಿಟ್ಟು ಕೂತಿದ್ದವಳು. ಅವಳು ಎದುರಾಡಲಿಲ್ಲ. ಸೊಂಟದಿಂದ ಪಂಪ್ ಬಿಡಿಸಿ ಮೇಜಿನ ಮೇಲೆ ಇಟ್ಟಳು. ನಳಿಕೆ ಇನ್ನೂ ಹೊಟ್ಟೆಗೆ ಅಂಟಿಕೊಂಡೇ ಇದ್ದುದರಿಂದ ಮೇಜಿನ ಕಡೆಗೆ ಬಾಗಿ ಕೂರಬೇಕಾಯಿತು.

"ಠೀಕ್ ಹೈ ಮ್ಯಾಮ್," ಎಂದಳು. "ಮುಝ್‌ಸೇ ನಹೀ ಹೋಗಾ. ನನ್ನಿಂದಾಗಲ್ಲ. ನನ್ನ ತಲೇಲೇ ಏನೋ ಖರಾಬ್ ಇದೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಗಾದೆಯ ಕಳ್ಳ. ಇಲ್ಲಿ ಯಾರೂ ಯಾರನ್ನೂ ಕಳ್ಳ ಎನ್ನಲಿಲ್ಲ. ನಿರಪರಾಧಿಯೇ ತಪ್ಪೊಪ್ಪಿಕೊಂಡು ಬಾಗಿ ಕೂತಿದ್ದಳು. ಅದನ್ನು ಚನಿಯನಿಂದ ನೋಡಲಾಗಲಿಲ್ಲ. ತನ್ನ ಕೈಯ ದೋಸೆ ಅವಳು ಜನ್ಮದಲ್ಲಿ ತಿನ್ನದಿದ್ದರೂ ಸರಿ ಎನಿಸಿತು.

"ಡಾಕ್ಟರ್ ಸಾಬ್, ಮೈನೇ ಲೌಕಿ ಡಾಲಾ," ಎಂದ.

"ಕ್ಯಾ ಡಾಲಾ?"

"ಲೌಕಿ. ದೋಸೇ ಮೇ. ಕಿಸೀಕೋ ಬತಾಯಾ ನಹೀ."

ದೋಸೆಗೆ ಸೋರೆಕಾಯಿ ಹಾಕಿದ್ದು ತಾನೇ, ಯಾರಿಗೂ ಹೇಳಿರಲಿಲ್ಲ ಎಂದ. ಚನಿಯ ಎಲ್ಲವನ್ನೂ ಹೇಳಿದ. ಅರ್ಧ ಹಿಂದಿ, ಅರ್ಧ ಕನ್ನಡ. ಯಾವಾಗ ಹಾಕಿದೆ, ಎಷ್ಟು ಏರಿಸಿದೆ, ಯಾವಾಗ ಹೆದರಿ ನಿಲ್ಲಿಸಿದೆ, ಸಿಪ್ಪೆ ಎಲ್ಲಿ ಎಸೆದೆ ಎಂಬುದನ್ನೂ ಬಿಡಲಿಲ್ಲ. "ಅವಳ ಲೆಕ್ಕ ತಪ್ಪಿಲ್ಲ. ಒಂದು ದಿನವೂ ತಪ್ಪಿಲ್ಲ. ಅಕ್ಕಿ ಕಮ್ಮಿ ಹೋದ್ರೆ ಒಳ್ಳೇದು ಅಂತ ಮಾಡಿದೆ. ನಾನೇ ತಿನ್ನಿಸಿ ತಿನ್ನಿಸಿ ಈ ಕಾಯಿಲೆ ಬಂತೇನೋ ಅಂತ..."  ಐದು ವರ್ಷದಿಂದ ಒಳಗೇ ಇದ್ದ ಮಾತು ಡಾಕ್ಟರಮ್ಮನ ಮೇಜಿನ ಮುಂದೆ ಹೊರಗೆ ಬಿತ್ತು. ಉಮಾವತಿ ಬಾಯಿಗೆ ಸೆರಗು ಒತ್ತಿಕೊಂಡಳು.

ಡಾಕ್ಟರಮ್ಮ ಪಂಪನ್ನು ಎತ್ತಿ ಪ್ರಣೀತಾಳ ಕೈಗೆ ವಾಪಸು ಕೊಟ್ಟರು. ಸೋರೆಕಾಯಿ ಹಾಕಿ, ಬೇಕಾದ್ದು ಹಾಕಿ, ಆದರೆ ಅವಳಿಗೆ ಹೇಳಿ ಹಾಕಿ ಎಂದರು ಚನಿಯನಿಗೆ. ಹಳೆಯ ಸೆಟ್ಟಿಂಗನ್ನೇ ಮರಳಿ ಹಾಕಿಸಿದರು. ಆ ಕಾಯಿಲೆಯ ವಿಷಯವನ್ನು ಮತ್ತೊಮ್ಮೆ, ಮೊದಲ ದಿನದಷ್ಟೇ ತಾಳ್ಮೆಯಿಂದ, ಬಿಡಿಸಿ ಹೇಳಿದರು. ಈ ಸಲ ಅವನು ಕೇಳಿಸಿಕೊಂಡ.

ಪಂಪ್ ಉಳಿಯಿತು. ಆದರೆ ಆಟೋ ಯಮುನೆಯ ಸೇತುವೆ ದಾಟಿದ ಮೇಲೆ ಮಗಳು ಹೊರಗೆ ನೋಡುತ್ತಲೇ ಮಾತಾಡಿದಳು. 

"ಮಮ್ಮಿ ಬೈದಾಗ ನಂಗೆ ಬುರಾ ಅನ್ನಿಸ್ಲಿಲ್ಲ ಪಪ್ಪಾ. ನಂಗೆ ನನ್ನ ಮೇಲೇ ಡೌಟ್ ಬಂತು. ಐದು ಹನ್ನೆರಡ್ಲಿ ಎಷ್ಟು ಅಂತ ಕ್ಯಾಲ್ಕುಲೇಟರ್‌ನಲ್ಲಿ ನೋಡ್ದೆ, ಗೊತ್ತಾ? ನೀವು ಅಲ್ಲೇ ನಿಂತಿದ್ರಿ. ನೋಡ್ತಾ ಇದ್ರಿ."

 ತಪ್ಪಾಯ್ತು ಮಗಳೇ ಎಂದ ಚನಿಯ. ಗಾಳಿಗೆ ಅದು ಅವಳಿಗೆ ಕೇಳಿಸಿತೋ ಇಲ್ಲವೋ.

ಮರುದಿನದಿಂದ ಪ್ರಣೀತಾ ಹೋಟೆಲಿಗೆ ಇಳಿಯಲಿಲ್ಲ. ಬ್ರೆಡ್ಡು, ಬಿಸ್ಕತ್ತು, ಡಬ್ಬಿಯ ಕಾರ್ನ್‌ಫ್ಲೇಕ್ಸ್. ಅವುಗಳ ಮೈಮೇಲೆ ಒಳಗೆ ಏನೆಷ್ಟಿದೆ ಎಂದು ಅಚ್ಚಾಗಿರುತ್ತದೆ, ಅವು ಸುಳ್ಳು ಹೇಳುವುದಿಲ್ಲ ಎಂದಳಂತೆ ತಾಯಿಗೆ. ಸಕ್ಕರೆ ನೆಟ್ಟಗೆ ಬಂತು, ಮುಖಕ್ಕೆ ಕಳೆಯೂ ಬಂತು. ಅದನ್ನು ಕಂಡು ಚನಿಯನಿಗೆ ಸಮಾಧಾನವಾಯಿತು, ಸಂಕಟವೂ ಆಯಿತು. ದೆಹಲಿಯ ಅರ್ಧ ಜನಕ್ಕೆ ಉಣ್ಣಿಸುವವನ ಮಗಳು ಪ್ಯಾಕೆಟ್ಟು ಹರಿದು ತಿನ್ನುವುದು! ಉಮಾವತಿ ರಾಜಿ ಮಾಡಿಸಲು ಹೊರಟಾಗ ಅವನೇ ಬೇಡವೆಂದ. ಅವಳಿಗೆ ಅನ್ನಿಸಬೇಕು, ನಾವು ಒತ್ತಾಯ ಮಾಡಿ ತಿನ್ನಿಸುವುದು ಬೇಡ ಎಂದ. ಬೆಳಿಗ್ಗೆ ಮಾತ್ರ ಅಭ್ಯಾಸಬಲದಿಂದ ಒಂದು ಹಿಡಿ ಅಕ್ಕಿ ಬೇರೆ ನೆನೆಹಾಕುತ್ತಿದ್ದ, ಹುಯ್ದು ತಾನೇ ತಿನ್ನುತ್ತಿದ್ದ.

ಚಳಿ ಹಿಡಿದ ಒಂದು ಬೆಳಿಗ್ಗೆ ಮಂಜಿಗೆ ಶಾಲೆಗಳಿಗೆಲ್ಲ ರಜೆ ಕೊಟ್ಟಿದ್ದರು. ಚನಿಯ ಕಾವಲಿಗೆ ಎಣ್ಣೆ ಸವರುತ್ತಿದ್ದಾಗ ಬೆನ್ನ ಹಿಂದೆ ಚಪ್ಪಲಿಯ ಸದ್ದು. ತಿರುಗಿ ನೋಡಿದರೆ ಶಾಲು ಹೊದ್ದು ಮಗಳು ನಿಂತಿದ್ದಾಳೆ. ಹಿಟ್ಟಿನ ಪಾತ್ರೆಯನ್ನು ನೋಡುತ್ತಿದ್ದಾಳೆ.

"ಇದರಲ್ಲಿ ಏನೇನಿದೆ?"

"ಅಕ್ಕಿ. ಕಾಯಿ. ಉಪ್ಪು. ನೀರು."

"ಔರ್?"

"ಮತ್ತೆ ಏನೂ ಇಲ್ಲ ಮಗಳೇ."

ಅವಳು ಅವನ ಮುಖವನ್ನು ನೋಡಿದಳು. ಪಾತ್ರೆ ನೋಡಿದ್ದಕ್ಕಿಂತ ಹೆಚ್ಚು ಹೊತ್ತು ನೋಡಿದಳು. ಆಮೇಲೆ ಸ್ಟೂಲು ಎಳೆದುಕೊಂಡು ಒಲೆಯ ಪಕ್ಕ ಕೂತು, ಬೆರಳು ಚುಚ್ಚಿ ನೋಡಿ, ಮೂರು ದೋಸೆಗೆ ಡೋಸು ಕೊಟ್ಟುಕೊಂಡಳು. ಚನಿಯ ಹುಯ್ದ. ಮೊದಲನೆಯದು ಹರಿಯಿತು. ಇಪ್ಪತ್ತೈದು ವರ್ಷದ ಕಸುಬಿನವನಿಗೆ ನೀರುದೋಸೆ ಹರಿಯಿತು! ಅವಳು ಹರಿದದ್ದನ್ನೇ ತಿಂದಳು. ಮೂರೂ ಮುಗಿದವು. ಚಟ್ನಿ ಬಳಿದ ತಟ್ಟೆ ಹಿಡಿದು ಇನ್ನೂ ಕೂತೇ ಇದ್ದಳು.

"ಪಪ್ಪಾ, ಇನ್ನೊಂದು."

ಸಾಕಲ್ವಾ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದೇ ಬಂತು. ಸಕ್ಕರೆ ಏರಿದರೆ? ಅವನು ಅದನ್ನು ನುಂಗಿಕೊಂಡು ಸೌಟು ತುಂಬಿದ. ಹಿಟ್ಟು ಕಾವಲಿಯ ಮೇಲೆ ಚೊಯ್ಯೆಂದು ಹರಡಿ ಸಣ್ಣ ಸಣ್ಣ ತೂತುಗಳಾದವು.

"ನನ್ನ ಕೈ ಎಲ್ಲಾ ಚಟ್ನಿ," ಎಂದಳು ಪ್ರಣೀತಾ. ಮೊಣಕೈಯಿಂದ ಶಾಲು ಸರಿಸಿ, ಸೊಂಟದಲ್ಲಿದ್ದ ಪಂಪನ್ನು ಅವನ ಕಡೆಗೆ ತಿರುಗಿಸಿದಳು. "ನೀವೇ ಒತ್ತಿ. ಹನ್ನೆರಡು ಬರೋವರೆಗೂ ಮೇಲಿನ ಬಟನ್. ಆಮೇಲೆ ನಡುವಿಂದು."

ಚನಿಯ ಕೈಯನ್ನು ಲುಂಗಿಗೆ ಒರೆಸಿಕೊಂಡ, ಮತ್ತೊಮ್ಮೆ ಒರೆಸಿಕೊಂಡ. ಅಂಕಿ ಒಂದೊಂದಾಗಿ ಏರಿತು. ಹನ್ನೆರಡಕ್ಕೆ ನಿಲ್ಲಿಸಿ ಮಗಳ ಮುಖ ನೋಡಿದ. ಅವಳು ತಲೆಯಾಡಿಸಿದ ಮೇಲೆಯೇ ನಡುವಿನದನ್ನು ಒತ್ತಿದ. ಕಣ್ಣು ಮಂಜಾಗಿ ದೋಸೆ ಬೆಂದದ್ದು ಅವನಿಗೆ ಕಾಣಿಸಲಿಲ್ಲ.

"ಪಪ್ಪಾ, ದೋಸೆ ಜಲ್ ಜಾಯೇಗಾ, ತೆಗೀರಿ," ಎಂದು ಅವಳು ತಟ್ಟೆ ಚಾಚಿದಳು.